ಆರು ಮೈಲಿ ಹೂವಿಗೆ ಮತ

ಲಾರ್ಕಿನ್, ಒಕ್ಲಹೋಮ
೧೬ ಫೆಬ್ರವರಿ ೧೯೯೭

ಟ್ವೈಲಾ,

ನೀನು ಜೈಲಿಗೆ ಹೋಗಿ ಎರಡು ವರ್ಷವಾಯಿತು. ನಿನ್ನ ಕಾಗದಗಳೆಲ್ಲ ಮುಟ್ಟಿವೆ. ಒಂದೊಂದನ್ನೂ ಅಂಚೆ ಡಬ್ಬಿಯ ಹತ್ತಿರವೇ ನಿಂತು ಓದಿದ್ದೇನೆ. ಉತ್ತರ ಬರೆಯಲಿಲ್ಲ. ಅದಕ್ಕೆ ಕಾರಣ ಸಿಟ್ಟಲ್ಲ. ಏನೆಂಬುದನ್ನು ಇವತ್ತು ಬರೆಯಲಾರೆ. ಇವತ್ತು ಒಂದು ಸುದ್ದಿಯಿದೆ, ಅದನ್ನು ನೀನು ಬೇರೆಯವರಿಂದ ಕೇಳಬಾರದು ಎನ್ನಿಸಿತು.

ಗುರುವಾರ ಬೆಳಿಗ್ಗೆ ಇಮೊಜೀನ್ ರಟ್ಲೆಜ್ ನಮ್ಮ ಮನೆಗೆ ಬಂದಿದ್ದರು.

ಹೌದು, ವಾರೆನ್ ಮೇಷ್ಟ್ರ ಹೆಂಡತಿಯೇ. ಊರಿನವರೆಲ್ಲ ಅದನ್ನು ‘ಆ ಅಪಘಾತ’ ಎನ್ನುತ್ತಾರೆ. ಅವರೊಬ್ಬರು ಮಾತ್ರ ‘ವಾರೆನ್ ಸತ್ತ ದಿನ’ ಎನ್ನುತ್ತಾರಂತೆ. ಆ ದಿನದಿಂದ ಈಚೆಗೆ ನಾನೂ ಅವರೂ ಒಂದು ಮಾತಾಡಿರಲಿಲ್ಲ. ಚರ್ಚಿನಲ್ಲಿ ಅವರು ಮೂರನೆಯ ಸಾಲಿನಲ್ಲಿ ಕೂರುತ್ತಾರೆ, ನಾನು ಕೊನೆಯ ಸಾಲಿನಲ್ಲಿ. ಪ್ರಾರ್ಥನೆ ಮುಗಿಯುವ ಮೊದಲೇ ಎದ್ದು ಬಂದುಬಿಡುತ್ತೇನೆ.

“ಒಳಗೆ ಬರಲ್ಲ ವರ್ಜಿಲ್,” ಅಂದರು. “ಒಂದು ಸಹಿ ಬೇಕಿತ್ತು.”

“ಯಾತಕ್ಕೆ?”

“ರಸ್ತೆ ಬದಿಗೆ. ಸೇತುವೆಯಿಂದ ಊರಿನ ತನಕ ಆರು ಮೈಲಿ ಇದೆಯಲ್ಲ, ಎರಡೂ ಕಡೆ ರೆಡ್‌ಬಡ್ ಹೂಮರ ನೆಡಿಸ್ಬೇಕು, ಕೆಳಗೆಲ್ಲ ಹೂವಿನ ಬೀಜ ಚೆಲ್ಲಿಸ್ಬೇಕು ಅಂತ. ಅಂಗಡಿ ಸಾಮಾನಿನ ತೆರಿಗೆ ಮೇಲೆ ಡಾಲರಿಗೆ ಕಾಲು ಸೆಂಟು ಜಾಸ್ತಿ, ಎರಡು ವರ್ಷಕ್ಕೆ ಮಾತ್ರ. ನವೆಂಬರಲ್ಲಿ ಜನ ಮತ ಹಾಕ್ಬೇಕಂದ್ರೆ ಮೊದಲು ಸಾಕಷ್ಟು ಸಹಿ ಬೇಕು.”

“ಯೋಚ್ನೆ ಮಾಡ್ತೀನಿ,” ಅಂದೆ.

“ಮಾಡಿ. ಮೂವತ್ತು ವರ್ಷ ಸರ್ಕಾರಿ ಟ್ರ್ಯಾಕ್ಟರ್ ಮೇಲೆ ಕೂತು ಆ ರಸ್ತೆಬದಿ ಹುಲ್ಲು ಕತ್ತರಿಸಿದೋರು ನೀವು. ನಿಮ್ಮ ಮನೆ ದಾಟಿಕೊಂಡು ಹೋದ್ರೆ ಚೆನ್ನಾಗಿರಲ್ಲ ಅನ್ನಿಸ್ತು.”

ಇಷ್ಟೇ. ಬೂದು ಬಣ್ಣದ ಕೋಟು ಹಾಕಿದ್ದರು. ಗೇಟಿನವರೆಗೆ ಹೋಗಿ, ಗೇಟನ್ನು ಸರಿಯಾಗಿ ಹಾಕಿ ಹೋದರು.

ಇಲ್ಲಿ ಮಂಜು ಬಿದ್ದಿದೆ. ನಿನಗೆ ಅಲ್ಲಿ ಬೆಚ್ಚನೆಯ ಬಟ್ಟೆ ಕೊಡುತ್ತಾರೆ ತಾನೆ.

ವರ್ಜಿಲ್ ಟ್ಯಾಕೆಟ್

•

ಮಹಿಳಾ ಕೈದಿಗಳ ಶಿಬಿರ
೯ ಮಾರ್ಚ್ ೧೯೯೭

ಅಪ್ಪಾ,

ನಿನ್ನ ಅಕ್ಷರ ನೋಡಿ ಲಕೋಟೆಯನ್ನು ಒಂದು ದಿನ ಪೂರ್ತಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನಮಗೆ ಬರುವ ಕಾಗದಗಳನ್ನು ಇಲ್ಲಿ ಮೊದಲೇ ಒಡೆದು ಓದಿ ಕೊಡುತ್ತಾರೆ. ಆದರೂ ಅದು ಮುಚ್ಚಿಯೇ ಇದೆ ಎಂದುಕೊಂಡು ಮಲಗಿದೆ.

ಬಟ್ಟೆ ಕೊಡುತ್ತಾರೆ. ಬೆಚ್ಚಗಿದೆ.

ಒಂದು ವಿಷಯ ನಿನಗೆ ಯಾವತ್ತೂ ಬರೆದಿಲ್ಲ. ಮಧ್ಯಾಹ್ನ ಕೈದಿಗಳ ಎಣಿಕೆ ಮುಗಿದ ಮೇಲೆ ನಮಗೆ ಅರ್ಧ ಗಂಟೆ ಬಿಡುವು. ಎಲ್ಲರೂ ಟಿವಿ ಮುಂದೆ ಕೂತರೆ ನಾನು ಕಣ್ಣು ಮುಚ್ಚಿಕೊಂಡು ನಮ್ಮ ರಸ್ತೆಯಲ್ಲಿ ನಡೆಯುತ್ತೇನೆ. ಸೇತುವೆಯಿಂದ ಶುರುಮಾಡುತ್ತೇನೆ. ಬಲಕ್ಕೆ ಮುರಿದ ಗಾಳಿಯಂತ್ರ, ಆಮೇಲೆ ಜೋಳದ ಕಣಜ, ಆಮೇಲೆ ತಂತಿಯ ಮೇಲೆ ಕತ್ತರಿಬಾಲದ ಹಕ್ಕಿಗಳು. ರಸ್ತೆಬದಿಯ ಹಳ್ಳದಲ್ಲಿ ಮೇ ತಿಂಗಳಾದರೆ ಕೆಂಪು ಹಳದಿಯ ಕಂಬಳಿಹೂವು, ಆಗಸ್ಟ್ ಆದರೆ ಕಾಡು ಸೂರ್ಯಕಾಂತಿ. ಯಾವ ತಿಂಗಳು ಬೇಕೋ ಅದನ್ನು ನಾನೇ ಆರಿಸಿಕೊಳ್ಳುತ್ತೇನೆ. ನಡೆದಂತೆಲ್ಲ ಧೂಳು ಕಾಲಿಗೆ ಬೆಚ್ಚಗೆ ತಾಗುತ್ತದೆ. ಕೆಲವು ದಿನ ಅಮ್ಮ ಬೇಲಿಯಾಚೆ ಬಟ್ಟೆ ಒಣಹಾಕುತ್ತಿರುತ್ತಾಳೆ, ನಾನಿನ್ನೂ ಹತ್ತೊಂಬತ್ತು ವರ್ಷ ದಾಟಿರುವುದಿಲ್ಲ, ಅವಳಿಗಿನ್ನೂ ಕಾಯಿಲೆ ಬಂದಿರುವುದಿಲ್ಲ.

ನಾಲ್ಕನೆಯ ಮೈಲಿಯ ತಿರುವಿನ ತನಕ ಹೋಗುತ್ತೇನೆ. ಅಲ್ಲಿ ನಿಂತುಬಿಡುತ್ತೇನೆ. ಮುಂದೆ ಒಂದು ಹೆಜ್ಜೆ ಇಟ್ಟಿದ್ದಿಲ್ಲ. ಮೇಷ್ಟ್ರು ಅಲ್ಲಿ ಇದ್ದರು ಎಂದು ನಿನಗೆ ಗೊತ್ತು. ಕುಡಿದು ಗಾಡಿ ಓಡಿಸಿ ಅವರನ್ನು ಕೊಂದವಳು ನಾನು. ಇದನ್ನು ನೇರವಾಗಿ ಬರೆಯಬೇಕು, ಸುತ್ತಿ ಬಳಸಿ ಬರೆಯಬಾರದು ಎಂದು ಇಲ್ಲಿ ಕಲಿತಿದ್ದೇನೆ.

ಆ ಜಾಗಕ್ಕೂ ಮರ ನೆಡುತ್ತಾರಾ? ನೀನು ಸಹಿ ಹಾಕಿದೆಯಾ?

ನಿನ್ನ ಮಗಳು
ಟ್ವೈಲಾ

•

ಲಾರ್ಕಿನ್
೨೦ ಏಪ್ರಿಲ್ ೧೯೯೭

ಟ್ವೈಲಾ,

ಸಹಿ ಹಾಕಿದೆ. ಇಮೊಜೀನ್ ಎರಡನೆಯ ಸಲ ಬಂದಾಗ ಹಾಕಿದೆ. ಅವರ ಪೆನ್ನಿನಲ್ಲೇ.

ಮೂರನೆಯ ಸಲ ಒಂದು ನಕ್ಷೆ ಹಿಡಿದುಕೊಂಡು ಬಂದರು. ಎಲ್ಲಿ ಯಾವ ಮಣ್ಣು, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಹೂವು ತಾನಾಗಿ ಬರುತ್ತದೆ ಎಂದು ಕೇಳಿದರು. ಗೇಟಿನ ಮೇಲೆ ನಕ್ಷೆ ಹರಡಿಕೊಂಡು ಇಬ್ಬರೂ ಗೇಟಿನ ಆಚೀಚೆ ನಿಂತು ಒಂದು ಗಂಟೆ ಗುರುತು ಹಾಕಿದೆವು. ಇಷ್ಟು ವರ್ಷ ನನಗೆ ತಿಳಿದದ್ದನ್ನು ಒಬ್ಬರೂ ಕೇಳಿರಲಿಲ್ಲ. ಟ್ರ್ಯಾಕ್ಟರ್ ಮೇಲೆ ದಿನವಿಡೀ ಕೂತಿದ್ದರೆ, ಬಿಸಿಲಿಗೆ ಮುಂದಿನ ರಸ್ತೆ ನೀರಿನ ಹಾಗೆ ಅಲ್ಲಾಡುತ್ತಿದ್ದರೆ, ಹುಲ್ಲು ಎರಡೂ ಕಡೆ ಮಲಗುತ್ತ ಹೋದರೆ, ನಿದ್ದೆಯಲ್ಲೇ ಹೋಗುತ್ತಿದ್ದೇನೇನೋ ಅನ್ನಿಸುತ್ತಿತ್ತು. ಆದರೆ ಹೂವಿನ ಗುಂಪು ಬಂದಾಗ ಎಚ್ಚರವಾಗುತ್ತಿತ್ತು. ಬೀಜ ಉದುರುವ ತನಕ ಅಲಗನ್ನು ಮೇಲೆತ್ತಿ ದಾಟಿಸಿಬಿಡುತ್ತಿದ್ದೆ. ಮೇಲಿನವರು ಕೇಳಿದರೆ ಕಲ್ಲಿತ್ತು ಎನ್ನುತ್ತಿದ್ದೆ. ಇದನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಇಮೊಜೀನ್‌ಗೆ ಹೇಳಿದೆ. ನಗಲಿಲ್ಲ. ಬರೆದುಕೊಂಡರು.

ಊರಿನಲ್ಲಿ ಎರಡು ಪಕ್ಷವಾಗಿದೆ. ದನದ ಮೇವಿನ ಅಂಗಡಿಯ ಡಾಯಲ್ ಕ್ರ್ಯಾಬ್‌ಟ್ರೀ ಕಾಫಿ ಅಂಗಡಿಯಲ್ಲಿ ಕೂತು ದಿನಾ ಭಾಷಣ ಮಾಡುತ್ತಾನೆ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಅಂದ ನಿನ್ನೆ. “ಸೇತುವೆ ಕಂಬಿ ತುಕ್ಕು ಹಿಡಿದು ಉದುರ್ತಾ ಇದೆ. ಇವ್ರಿಗೆ ದನಗಳಿಗೆ ತೋರ್ಸೋಕೆ ಹೂದೋಟ ಬೇಕಂತೆ.”

ಬಡಿಸುತ್ತಿದ್ದ ಮೊಜೆಲ್, “ನಿನ್ನ ಜುಟ್ಟಿಗಂತೂ ಯಾರೂ ಹೂ ಇಡಲ್ಲ ಬಿಡು ಡಾಯಲ್,” ಅಂದಳು. “ಇಡೋಣ ಅಂದ್ರೆ ಜುಟ್ಟೆಲ್ಲಿದೆ?”

ಅವನೂ ನಕ್ಕ. ಬೋಳುತಲೆ ಸವರಿಕೊಂಡು, “ಇದಕ್ಕೂ ತೆರಿಗೆ ಹಾಕ್ತಾರೆ ನೋಡ್ತಿರು,” ಅಂದ. ನಾನು ಮೂಲೆಯಲ್ಲಿ ಅಲಸಂದೆ ಕಾಳು, ಹುರಿದ ಬೆಂಡೆಕಾಯಿ ತಿಂದು ಎದ್ದು ಬಂದೆ. ನನ್ನೆದುರು ಈ ಮಾತು ಬಂದರೆ ಒಂದು ಕ್ಷಣ ಎಲ್ಲರೂ ತಟ್ಟೆ ನೋಡಿಕೊಳ್ಳುತ್ತಾರೆ.

ಆ ತಿರುವಿಗೂ ಮರ ನೆಡುತ್ತಾರಾ ಎಂದು ಕೇಳಿದ್ದೀಯ. ನಕ್ಷೆಯಲ್ಲಿ ಆ ಜಾಗಕ್ಕೆ ಬಂದಾಗ ಇಮೊಜೀನ್ ಬೆರಳು ನಿಲ್ಲಿಸಿದರು. “ಇಲ್ಲಿ ಎಂಥ ಮಣ್ಣು?” ಅಂದರು. “ಒಳ್ಳೆ ಮಣ್ಣು,” ಅಂದೆ. ಬೆರಳು ಮುಂದೆ ಹೋಯಿತು.

ಅಪ್ಪ

•

ಶಿಬಿರ
೮ ಜೂನ್ ೧೯೯೭

ಅಪ್ಪಾ,

ನನ್ನನ್ನು ಕಾವಲು ಕಡಿಮೆ ಇರುವ ಕಟ್ಟಡಕ್ಕೆ ಹಾಕಿದ್ದಾರೆ. ವಾರಕ್ಕೆ ನಾಲ್ಕು ದಿನ ಹೊರಗಿನ ಕೆಲಸ. ಬಿಳಿ ವ್ಯಾನಿನಲ್ಲಿ ಹತ್ತು ಜನರನ್ನು ಕರೆದುಕೊಂಡು ಹೋಗಿ ಹೆದ್ದಾರಿಯ ಪಕ್ಕದಲ್ಲಿ ಇಳಿಸುತ್ತಾರೆ. ಕಿತ್ತಳೆ ಬಣ್ಣದ ಅಂಗಿ, ಒಂದು ಕೋಲು, ಒಂದು ಚೀಲ. ಡಬ್ಬಿ, ಬಾಟಲಿ, ಕಾಗದ ಆರಿಸುತ್ತ ಹೋಗುತ್ತೇವೆ.

ಮೇಷ್ಟ್ರು ದಿನಾ ಸಂಜೆ ಇದನ್ನೇ ಮಾಡುತ್ತಿದ್ದರು ಎಂಬುದು ಮೊದಲ ದಿನ ಚೀಲ ಕೈಗೆ ಕೊಟ್ಟಾಗ ನೆನಪಾಯಿತು. ಯಾರೂ ಹೇಳದೆ, ಯಾರೂ ಕೇಳದೆ, ಬರೀ ಊರಿನ ರಸ್ತೆ ಎಂದು ಮಾಡುತ್ತಿದ್ದರು. ಆ ದಿನ ನಾನು ತುಂಬ ನಿಧಾನವಾಗಿದ್ದೆ. ಕಾವಲಿನ ಆಫೀಸರ್ “ಏನು ಟ್ಯಾಕೆಟ್, ಬಾಟಲಿಗೆ ಹೆದರ್ತೀಯಾ?” ಎಂದು ತಮಾಷೆ ಮಾಡಿದರು. ಹೌದು ಎಂದೆ.

ಇಲ್ಲಿ ಈಗ ಕಾಟನ್‌ವುಡ್ ಮರಗಳ ಹತ್ತಿ ಹಾರುವ ಕಾಲ. ಗಾಳಿಯಿಲ್ಲದಾಗ ಅದು ಬೀಳುವುದೂ ಇಲ್ಲ, ಏಳುವುದೂ ಇಲ್ಲ, ಕಣ್ಣಿನ ಮಟ್ಟದಲ್ಲಿ ಸುಮ್ಮನೆ ನಿಂತಿರುತ್ತದೆ. ಅದರ ನಡುವೆ ನಡೆಯುವಾಗ ನನ್ನ ಹೆಸರು, ನನ್ನ ನಂಬರು ಎರಡೂ ಮರೆತುಹೋಗುತ್ತವೆ. ಕಾರುಗಳು ಹೋಗುತ್ತವೆ. ಒಳಗಿದ್ದವರು ನಮ್ಮನ್ನು ನೋಡುವುದಿಲ್ಲ, ನೋಡಬಾರದು ಎಂದು ಮೊದಲೇ ಮಾತಾಡಿಕೊಂಡವರ ಹಾಗೆ. ಸಂಜೆ ಬಂದು ತಲೆ ಬಾಚಿದರೆ ಬಾಚಣಿಗೆಯಲ್ಲಿ ಹತ್ತಿ.

ಈಗ ಹೇಳಬೇಕಾದದ್ದು. ನಿಮ್ಮ ಪ್ರಸ್ತಾವ ಗೆದ್ದರೆ ಗಿಡ ನೆಡುವ ಕೆಲಸ ನಮ್ಮ ಶಿಬಿರಕ್ಕೇ ಬರುತ್ತದಂತೆ. ಕೌಂಟಿ ಆಡಳಿತದವರು ಆಗಲೇ ಕೇಳಿದ್ದಾರೆ. “ನಿಮ್ಮೂರೇ ಅಲ್ವಾ?” ಎಂದು ಆಫೀಸರ್ ಕೇಳಿದರು. ಅಲ್ಲ ಎಂದುಬಿಡೋಣ ಅನ್ನಿಸಿತು. ನಾನು ಬರಬಾರದು ಅಪ್ಪಾ. ಆದರೆ ಆ ರಸ್ತೆ ನನ್ನ ಮನಸ್ಸಿನಲ್ಲಿ ದಿನವೂ ನಾಲ್ಕು ಮೈಲಿಗೇ ಮುಗಿದುಹೋಗುತ್ತಿದೆ. ಏನು ಮಾಡಲಿ ತಿಳಿಯದು.

ನನಗೆ ಮತದ ಹಕ್ಕಿಲ್ಲ. ನೀನು ಯೋಚಿಸಿ ಹಾಕು.

ಟ್ವೈಲಾ

•

ಲಾರ್ಕಿನ್
೨೧ ಸೆಪ್ಟೆಂಬರ್ ೧೯೯೭, ಭಾನುವಾರ

ಮಗಳೇ,

ನಿನ್ನ ಜೂನ್ ಕಾಗದಕ್ಕೆ ಉತ್ತರ ಬರೆಯಲು ಮೂರು ತಿಂಗಳು ಬೇಕಾಯಿತು. ಇವತ್ತಿಗೆ ಮೇಷ್ಟ್ರು ಹೋಗಿ ಮೂರು ವರ್ಷ.

ಗುರುವಾರ ಶಾಲೆಯ ಆಟದ ಹಾಲ್‌ನಲ್ಲಿ ರಸ್ತೆಬದಿ ಪ್ರಸ್ತಾವದ ಬಗ್ಗೆ ಸಭೆ ಇತ್ತು. ಇನ್ನೂರು ಜನ ಸೇರಿದ್ದರು. ಇಮೊಜೀನ್ ಐದು ನಿಮಿಷ ಮಾತಾಡಿದರು. ಗಂಡನ ಹೆಸರು ಒಂದು ಸಲವೂ ಎತ್ತಲಿಲ್ಲ. “ನಾವು ದಿನಾ ಇದೇ ದಾರಿಲಿ ಮನೆಗೆ ಬರ್ತೀವಿ. ಬರೋ ದಾರಿ ಚೆನ್ನಾಗಿದ್ರೆ ಗಾಡಿ ಸ್ವಲ್ಪ ನಿಧಾನ ಆಗುತ್ತೆ, ಅಷ್ಟೇ,” ಅಂದು ಕೂತರು.

ಡಾಯಲ್ ಎದ್ದ. ತೆರಿಗೆ, ಸೇತುವೆ, ಬರ ಎಲ್ಲ ಹೇಳಿದ. ಅವನ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ, ಸೇತುವೆ ನಿಜವಾಗಿಯೂ ಕೆಟ್ಟಿದೆ. ಆಮೇಲೆ, “ಅದಿರ್ಲಿ, ನೆಡೋಕೆ ಬರೋರು ಯಾರು ಗೊತ್ತಾ? ಕೈದಿಗಳು,” ಅಂದ. “ನಮ್ಮೂರಿಂದ ಹೋದೋಳೇ ಬಂದು, ಮೇಷ್ಟ್ರು ಬಿದ್ದ ಜಾಗದಲ್ಲೇ ಗುಂಡಿ ತೋಡಿದ್ರೂ ತೋಡಿದ್ಲೇ.”

ಅವನ ಮುಖ ಕೆಂಪಾಯಿತು, ಆಡಬಾರದ್ದು ಆಡಿದೆ ಎಂದು ಅವನಿಗೂ ಗೊತ್ತಾಗಿತ್ತು. ನಾನು ಯಾಕೆ ಎದ್ದು ನಿಂತೆನೋ ತಿಳಿಯದು.

“ಹೋದೋಳಿಗೆ ಹೆಸರಿದೆ ಡಾಯಲ್,” ಅಂದೆ. “ಟ್ವೈಲಾ ಅಂತ. ನನ್ನ ಮಗಳು. ನಿನ್ನ ಅಂಗಡಿಲಿ ಎರಡು ಬೇಸಿಗೆ ಮೂಟೆ ಹೊತ್ತಿದ್ದಾಳೆ.”

“ಹೊತ್ತಿದ್ಲು,” ಅಂದ ಅವನು ಮೆತ್ತಗೆ.

ಅಷ್ಟಕ್ಕೆ ಕೂರಬೇಕಿತ್ತು. ಕೂರದೆ ಮಣ್ಣಿನ ವಿಷಯ ಶುರುಮಾಡಿದೆ. ಉತ್ತರದ ಬದಿ ಜೇಡಿ, ಅಲ್ಲಿ ಗುಂಡಿ ಅಗಲ ಬೇಕು. ಕಣಜದ ಹತ್ತಿರ ನೀರು ನಿಲ್ಲುತ್ತದೆ, ಅಲ್ಲಿ ಮರ ಬೇಡ, ಬೀಜ ಸಾಕು. ಹೀಗೆ ಆರು ಮೈಲಿಯನ್ನೂ ಹೇಳಿಕೊಂಡು ಹೋದೆ. ನಾಲ್ಕನೆಯ ಮೈಲಿಯ ತಿರುವನ್ನೂ ಬಿಡದೆ ಹೇಳಿದೆ.

ಸಭೆ ಮುಗಿದ ಮೇಲೆ ಇಮೊಜೀನ್ ಕಾರಿನ ಹತ್ತಿರ ನಿಂತಿದ್ದರು. ನಾನು ಹೋಗಿ ಅವರಿಗೆ ಹೇಳಿದೆ. ಅದನ್ನೇ ಈಗ ನಿನಗೂ ಬರೆಯುತ್ತಿದ್ದೇನೆ. ಎರಡು ವರ್ಷ ನಿನಗೆ ಕಾಗದ ಬರೆಯದೆ ಇದ್ದದ್ದು ಇದರಿಂದಲೇ.

ಆ ದಿನ ಸಂಜೆ ಆರೂವರೆಗೆ ನೀನು ಅಡುಗೆಮನೆಗೆ ಬಂದು ಪಿಕಪ್ ಗಾಡಿಯ ಕೀ ಕೇಳಿದೆ. ನಾನು ಜೇಬಿನಿಂದ ತೆಗೆದುಕೊಟ್ಟೆ. ನಿನ್ನ ಬಾಯಿಯಿಂದ ವಿಸ್ಕಿ ವಾಸನೆ ಬಂತು. ನನಗೆ ಚೆನ್ನಾಗಿ ಗೊತ್ತಾಯಿತು. ಏನಾದರೂ ಅಂದರೆ ಮತ್ತೆ ಜಗಳ, ಊಟ ಆರಿಹೋಗುತ್ತದೆ ಎಂದುಕೊಂಡೆ. ಅಷ್ಟೇ ಕಾರಣ, ಊಟ ಆರಿಹೋಗುತ್ತದೆ ಎಂದು. ಪೊಲೀಸರು ಕೇಳಿದಾಗ, ನಾನು ಹೊಲದಲ್ಲಿದ್ದೆ, ಅವಳು ಗಾಡಿ ತೆಗೆದದ್ದು ಗೊತ್ತಿಲ್ಲ ಎಂದೆ. ನ್ಯಾಯಾಧೀಶರೆದುರೂ ಅದನ್ನೇ ಹೇಳಿದೆ. ನೀನು ಅಲ್ಲೇ ಕೂತು ಕೇಳಿದೆ, ಏನೂ ಹೇಳಲಿಲ್ಲ.

ಇಮೊಜೀನ್ ಕಾರಿನ ಬಾಗಿಲು ಹಿಡಿದು ಪೂರ್ತಿ ಕೇಳಿದರು. “ಮೂರು ವರ್ಷದಿಂದ ಚರ್ಚಲ್ಲಿ ನೀವು ನನ್ನ ಹಿಂದೆ ಕೂತಿರ್ತೀರಿ,” ಅಂದರು. “ತಿರುಗಿ ನೋಡಿದಾಗೆಲ್ಲ ಪಾಪ ಅನ್ನಿಸ್ತಿತ್ತು. ಇನ್ಮೇಲೆ ಏನನ್ನಿಸುತ್ತೋ ನಂಗೆ ಗೊತ್ತಿಲ್ಲ ವರ್ಜಿಲ್.”

ಕಾರು ಹತ್ತಿ ಹೋದರು. ನಾಳೆ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಶೆರಿಫ್ ಎದುರು ಇದನ್ನೇ ಹೇಳಿ ಬರುತ್ತೇನೆ. ಏನು ಮಾಡುತ್ತಾರೋ ಮಾಡಲಿ.

ನಿನ್ನ ಅಪ್ಪ

•

ಶಿಬಿರ
೨ ಅಕ್ಟೋಬರ್ ೧೯೯೭

ಅಪ್ಪಾ,

ನಿನಗೆ ವಾಸನೆ ಬಂದಿರಲು ಸಾಧ್ಯವೇ ಇಲ್ಲ. ಅಡುಗೆಮನೆಗೆ ಬರುವ ಮೊದಲು ನಾನು ಬಾಯಿ ತೊಳೆದಿದ್ದೆ. ಕೀ ತೆಗೆದುಕೊಳ್ಳುವಾಗ ಉಸಿರು ಬಿಗಿಹಿಡಿದಿದ್ದೆ. ಬಾಗಿಲು ದಾಟಿದ ಮೇಲೇ ಉಸಿರು ಬಿಟ್ಟದ್ದು, ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ನಡೆದದ್ದರಿಂದ ನಿನಗೆ ವಾಸನೆ ಬಂತು ಅನ್ನಿಸಿರಬೇಕು. ಮನಸ್ಸು ಹಾಗೆ ಮಾಡುತ್ತದೆ ಎಂದು ಇಲ್ಲಿನ ಡಾಕ್ಟರೂ ಹೇಳುತ್ತಾರೆ.

ನೀನು ಕೀ ಕೊಡದಿದ್ದರೆ ನಾನು ಕಿಟಕಿಯ ಪಕ್ಕದ ಮೊಳೆಯಲ್ಲಿದ್ದ ಇನ್ನೊಂದನ್ನು ತೆಗೆದುಕೊಂಡು ಹೋಗುತ್ತಿದ್ದೆ.

ಇಷ್ಟನ್ನು ಬರೆಯುವುದಕ್ಕೆ ಇಡೀ ವಾರ ಬೇಕಾಯಿತು. ಶೆರಿಫ್ ಏನಂದರು, ಬೇಗ ಬರೆ.

ಟ್ವೈಲಾ

•

ಲಾರ್ಕಿನ್
೧೨ ಅಕ್ಟೋಬರ್ ೧೯೯೭

ಮಗಳೇ,

ನೀನು ಉಸಿರು ಹಿಡಿದಿರಲಿಲ್ಲ. “ಬೇಗ ಬಂದುಬಿಡ್ತೀನಿ ಅಪ್ಪಾ, ಕಾಯ್ಬೇಡ” ಎಂದೆ, ನನ್ನ ಮುಖದ ಹತ್ತಿರವೇ. ಆದರೂ ನೀನು ಹಾಗೆ ಬರೆದದ್ದು ನನಗೆ ಬೇಕಿತ್ತು. ಮತ್ತೆ ಮತ್ತೆ ಓದಿದೆ.

ಶೆರಿಫ್ ಬರೆದುಕೊಂಡರು. ಸರ್ಕಾರಿ ವಕೀಲರಿಗೆ ಕಳಿಸುತ್ತಾರಂತೆ. “ಈ ವಯಸ್ಸಲ್ಲಿ ಯಾಕೆ ಬೇಕಿತ್ತು ವರ್ಜಿಲ್?” ಎಂದು ಕೇಳಿದರು. ಈ ವಯಸ್ಸಿನಲ್ಲಲ್ಲದೆ ಇನ್ನು ಯಾವಾಗ ಎಂದೆ.

ಇಮೊಜೀನ್ ಮೂರು ಭಾನುವಾರದಿಂದ ಚರ್ಚಿಗೆ ಬಂದಿಲ್ಲ. ಪ್ರಸ್ತಾವದ ಪರವಾಗಿ ಅವರು ಮನೆಮನೆಗೆ ಪ್ರಚಾರದ ಕಾಗದ ಹಂಚುತ್ತಿದ್ದ ಕೆಲಸ ನಿಂತುಹೋಗಿದೆ. ಡಾಯಲ್‌ನ ‘ಬೇಡ’ ಫಲಕಗಳು ಬೇಲಿಬೇಲಿಗೂ ಎದ್ದಿವೆ. ಉಳಿದ ಕಾಗದಗಳನ್ನು ಮೊಜೆಲ್ ಕಾಫಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದಾಳೆ. ನಿನ್ನೆಯಿಂದ ನಾನು ಹಂಚುತ್ತಿದ್ದೇನೆ. ಕೆಲವರು ಬಾಗಿಲು ತೆಗೆಯುವುದಿಲ್ಲ. ಒಬ್ಬರು ತೆಗೆದು, ನನ್ನ ಮುಖ ನೋಡಿ, ಕಾಗದ ತೆಗೆದುಕೊಂಡು ಬಾಗಿಲು ಮುಚ್ಚಿದರು. ಎಲೆ ಉದುರುವ ಕಾಲದಲ್ಲಿ ಹೀಗೆ ಮನೆಯಿಂದ ಮನೆಗೆ ನಡೆಯುವುದು ಒಂದು ಕನಸಿನ ಹಾಗಿದೆ, ಯಾರದೋ ಕಾಲಿನಲ್ಲಿ ನಡೆಯುತ್ತಿದ್ದೇನೆ ಅನ್ನಿಸುತ್ತದೆ.

ಅಪ್ಪ

•

ಲಾರ್ಕಿನ್
೮ ನವೆಂಬರ್ ೧೯೯೭

ಟ್ವೈಲಾ ಟ್ಯಾಕೆಟ್‌ಗೆ,

ನಾನು ಇಮೊಜೀನ್ ರಟ್ಲೆಜ್. ಇದು ಕ್ಷಮೆಯ ಕಾಗದವಲ್ಲ. ಹಾಗೆಂದು ತಪ್ಪು ತಿಳಿಯಬಾರದು ಎಂದೇ ಮೊದಲ ಸಾಲಿನಲ್ಲಿ ಬರೆಯುತ್ತಿದ್ದೇನೆ.

ಮಂಗಳವಾರ ಮತದಾನವಾಯಿತು. ಪ್ರಸ್ತಾವ ಐವತ್ತೇಳು ಮತಗಳ ಅಂತರದಿಂದ ಗೆದ್ದಿತು. ನನಗೆ ಸಂತೋಷವಾಗಬೇಕಿತ್ತು. ಎಣಿಕೆ ಮುಗಿದಾಗ ಬರೀ ಆಯಾಸವಾಯಿತು. ಕೊನೆಯ ತಿಂಗಳು ನಾನು ಮನೆ ಬಿಟ್ಟು ಹೊರಟಿರಲಿಲ್ಲ. ನಿಮ್ಮ ತಂದೆ ನನ್ನ ಕೆಲಸವನ್ನು ನನ್ನನ್ನು ಕೇಳದೆ ಮಾಡಿದ್ದಾರೆ. ಅವರಿಗೆ ಇನ್ನೂ ಏನೂ ಹೇಳಿಲ್ಲ.

ನಿಮ್ಮ ಶಿಬಿರದಿಂದ ನನಗೆ ಒಂದು ನಮೂನೆ ಬಂದಿದೆ. ಮಾರ್ಚಿನಲ್ಲಿ ಗಿಡ ನೆಡುವ ತಂಡದಲ್ಲಿ ನಿಮ್ಮ ಹೆಸರಿರಬಹುದು, ಸತ್ತವರ ಹೆಂಡತಿಯಾದ ನನಗೆ ಆಕ್ಷೇಪಣೆ ಇದೆಯೇ ಎಂದು ಕೇಳಿದ್ದಾರೆ. ‘ಇದೆ’, ‘ಇಲ್ಲ’ ಎಂದು ಎರಡು ಚೌಕಗಳಿವೆ. ಅದು ಮೇಜಿನ ಮೇಲೆ ಎರಡು ದಿನದಿಂದ ಬಿದ್ದಿದೆ.

ಗುರುತು ಹಾಕುವ ಮೊದಲು ಒಂದು ವಿಷಯ ತಿಳಿಯಬೇಕು. ನ್ಯಾಯಾಲಯದಲ್ಲಿ ವಾರೆನ್ ಅವರನ್ನು ‘ಪಾದಚಾರಿ’ ಎಂದರು. ಎಷ್ಟು ವೇಗ, ಎಷ್ಟು ಅಡಿ ದೂರ, ಎಲ್ಲ ಹೇಳಿದರು. ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಯಾರೂ ಹೇಳಲಿಲ್ಲ. ನಲವತ್ತೊಂದು ವರ್ಷ ಅವರ ಜೊತೆ ಬಾಳಿದೆ. ಕೊನೆಯಲ್ಲಿ ಅವರನ್ನು ಕಂಡದ್ದು ನೀವು, ನಾನಲ್ಲ. ಅವರು ಏನು ಮಾಡುತ್ತಿದ್ದರು?

ಸುಳ್ಳು ಬೇಡ. ಸಮಾಧಾನವೂ ಬೇಡ.

ಇಮೊಜೀನ್ ರಟ್ಲೆಜ್

•

ಶಿಬಿರ
೧೬ ನವೆಂಬರ್ ೧೯೯೭

ಶ್ರೀಮತಿ ರಟ್ಲೆಜ್ ಅವರಿಗೆ,

ನನಗೆ ನೆನಪಿರುವುದು ಸ್ವಲ್ಪ. ಇರುವಷ್ಟನ್ನು ಬರೆಯುತ್ತೇನೆ.

ಸೂರ್ಯ ಮುಳುಗುತ್ತಿದ್ದ, ಎದುರಿಗೇ ಇದ್ದ. ಬಿಸಿಲು ಕಣ್ಣಿಗೆ ಬಿತ್ತು ಎಂದು ವಕೀಲರು ಹೇಳಿಸಿದ್ದರು. ನಾನು ಕುಡಿದಿರದಿದ್ದರೆ ಬಿಸಿಲಿನಲ್ಲೂ ಗಾಡಿ ನಿಲ್ಲಿಸುತ್ತಿದ್ದೆ. ಮೇಷ್ಟ್ರು ಹಳ್ಳದ ಅಂಚಿನಲ್ಲಿ ರಸ್ತೆಗೆ ಬೆನ್ನು ಹಾಕಿ ನಿಂತಿದ್ದರು. ಚೀಲ ಕೆಳಗಿಟ್ಟಿದ್ದರು. ಕೆಲಸ ಮಾಡುತ್ತಿರಲಿಲ್ಲ. ತಂತಿಯ ಮೇಲೆ ಕತ್ತರಿಬಾಲದ ಹಕ್ಕಿಗಳು ನೂರಾರು ಕೂತಿದ್ದವು, ದಕ್ಷಿಣಕ್ಕೆ ಹೋಗುವ ಮೊದಲು ಸೇರುತ್ತವಲ್ಲ ಹಾಗೆ. ಅವುಗಳನ್ನು ನೋಡುತ್ತಿದ್ದರು, ತಲೆ ಮೇಲೆತ್ತಿ. ನನಗೆ ಅಷ್ಟು ದೂರದಿಂದಲೇ ಹಕ್ಕಿಗಳು ಕಂಡವು. ಅವರೂ ಕಣ್ಣಿಗೆ ಬಿದ್ದಿದ್ದರು, ಆದರೆ ಅಲ್ಲೊಬ್ಬರು ನಿಂತಿದ್ದಾರೆ ಎಂಬುದು ಕುಡಿದ ತಲೆಗೆ ಹೋಗಿರಲಿಲ್ಲ.

ಗಾಡಿಯ ಸದ್ದಿಗೆ ತಿರುಗಿದರು. ಹೆದರಿರಲಿಲ್ಲ. ಅಪ್ಪನ ಪಿಕಪ್ ಎಂದು ಗುರುತು ಸಿಕ್ಕಿರಬೇಕು, ಕೈ ಎತ್ತಿದರು. ನಮ್ಮ ರಸ್ತೆಯಲ್ಲಿ ಎಲ್ಲರೂ ಎಲ್ಲರಿಗೂ ಕೈ ಎತ್ತುತ್ತಾರಲ್ಲ, ಹಾಗೆ. ಆ ಕೈ ನೋಡಿದ ಮೇಲೇ ಅದು ನನ್ನ ತಲೆಗೆ ಹೋದದ್ದು. ಆಗ ತಡವಾಗಿತ್ತು.

ಇದನ್ನು ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ. ಕೇಳಿದವರು ನೀವೊಬ್ಬರೇ.

ಚೌಕದ ಬಗ್ಗೆ ನಾನು ಏನೂ ಕೇಳುವುದಿಲ್ಲ.

ಟ್ವೈಲಾ ಟ್ಯಾಕೆಟ್

•

ಲಾರ್ಕಿನ್
೪ ಮಾರ್ಚ್ ೧೯೯೮

ಮಗಳೇ,

ನಿನ್ನೆ ನಿನ್ನನ್ನು ನೋಡಿದೆ. ನೀನು ನನ್ನನ್ನು ನೋಡಿದೆಯೋ ಇಲ್ಲವೋ ಗೊತ್ತಾಗಲಿಲ್ಲ, ನೀನು ತಲೆ ತಗ್ಗಿಸಿದ್ದೆ. ಹೊರಗಿನವರು ತಂಡದ ಹತ್ತಿರ ಬರಬಾರದು, ಮಾತಾಡಬಾರದು ಎಂದು ಆಫೀಸರ್ ಮೊದಲೇ ಹೇಳಿದ್ದರು. ಇನ್ನೂರು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದು ಎಂದರು. ಬೆಳಿಗ್ಗೆ ಎಂಟಕ್ಕೇ ಹೋಗಿ ನಾಲ್ಕನೆಯ ಮೈಲಿಯ ಹತ್ತಿರ ಕೂತೆ; ಸೇತುವೆ ಕಡೆಯದು ಬೇರೆ ತಂಡಕ್ಕೆ, ನಿಮ್ಮದು ಅಲ್ಲಿಂದ ಶುರು ಎಂದಿದ್ದರು.

ಮಬ್ಬು ಕವಿದಿತ್ತು. ಮೊದಲು ಬರೀ ಕಿತ್ತಳೆ ಬಣ್ಣಗಳು ಕಂಡವು, ಮಬ್ಬಿನಲ್ಲಿ ದೀಪ ಹಚ್ಚಿಟ್ಟ ಹಾಗೆ. ಹತ್ತರಲ್ಲಿ ನೀನು ಯಾರು ಎಂದು ತಿಳಿಯಲಿಲ್ಲ. ಆಮೇಲೆ ಒಂದು ಬಣ್ಣ ಗುದ್ದಲಿ ಹಿಡಿದ ರೀತಿಯಿಂದ ಗೊತ್ತಾಯಿತು. ನೀನು ಸಣ್ಣವಳಿದ್ದಾಗಿನಿಂದ ಎಡಗೈ ಕೆಳಗಿಟ್ಟೇ ಹಿಡಿಯುವುದು. ಕೂದಲು ತುಂಬ ಚಿಕ್ಕದು ಮಾಡಿಸಿದ್ದೀಯ. ಬಡವಾಗಿದ್ದೀಯ. ಮೂರು ವರ್ಷದಲ್ಲಿ ಮೊದಲ ಸಲ ನಿನ್ನನ್ನು ಬಯಲಿನಲ್ಲಿ, ಬೆಳಕಿನಲ್ಲಿ ನೋಡಿದೆ.

ಡಾಯಲ್ ತನ್ನ ಲಾರಿಯಲ್ಲಿ ಗೊಬ್ಬರ ತಂದಿಳಿಸಿದ. ದುಡ್ಡಿಗೇ ತಂದದ್ದು, ಪುಕ್ಕಟೆಯಲ್ಲ. ನನ್ನ ಹತ್ತಿರ ಬಂದು, “ನಾನು ಬೇಡ ಅಂತಲೇ ಮತ ಹಾಕಿದ್ದು. ಇವತ್ತೂ ಬೇಡ ಅಂತಲೇ ಹಾಕ್ತೀನಿ,” ಅಂದ. “ಆದ್ರೆ ಆ ದಿನ ಸಭೆಲಿ ಆಡಿದ್ದು ತಪ್ಪು.” ಒಂದು ಫ್ಲಾಸ್ಕ್ ಕಾಫಿ ಬಿಟ್ಟುಹೋದ.

ಮಧ್ಯಾಹ್ನ ನೀವು ತಿರುವಿಗೆ ಬಂದಿರಿ. ಅಲ್ಲಿ ಇಮೊಜೀನ್ ನಿಂತಿದ್ದರು. ಅವರಿಗೆ ಮಾತ್ರ ಹತ್ತಿರ ಬರಲು ಒಪ್ಪಿಗೆ ಇತ್ತಂತೆ. ನೀನು ಬರೆದಿದ್ದೆಯಲ್ಲ, ಆ ನಮೂನೆಯಲ್ಲಿ ಅವರು ಯಾವ ಚೌಕಕ್ಕೆ ಗುರುತು ಹಾಕಿದ್ದರು ಎಂದು ನೀನು ವ್ಯಾನಿನಿಂದ ಇಳಿಯುವ ತನಕ ನನಗೂ ತಿಳಿದಿರಲಿಲ್ಲ. ಗುಂಡಿಯ ಹತ್ತಿರ ಬಂದು ನಿನಗೆ ಏನೋ ಹೇಳಿದರು. ನೀನು ತಲೆಯಾಡಿಸಿದೆ. ನನಗೆ ಕೇಳಿಸಲಿಲ್ಲ. ಕುರ್ಚಿಯ ತುದಿಗೆ ಬಂದೆ, ಆದರೂ ಕೇಳಿಸಲಿಲ್ಲ.

ಸಂಜೆ ನೀವೆಲ್ಲ ಹೋದ ಮೇಲೆ ಅವರು ನನ್ನ ಪಕ್ಕದಲ್ಲಿ ಹಾದುಹೋದರು. “ಭಾನುವಾರ ನೋಡೋಣ ವರ್ಜಿಲ್,” ಅಂದರು. ಅದರ ಅರ್ಥವೇನೆಂದು ಭಾನುವಾರ ಗೊತ್ತಾಗುತ್ತದೆ. ಸರ್ಕಾರಿ ವಕೀಲರಿಂದ ಇನ್ನೂ ಕಾಗದ ಬಂದಿಲ್ಲ.

ಅವರು ನಿನಗೆ ಏನು ಹೇಳಿದರು?

ನಿನ್ನ ಅಪ್ಪ

•

ಶಿಬಿರ
೧೧ ಮಾರ್ಚ್ ೧೯೯೮

ಅಪ್ಪಾ,

ನೋಡಿದೆ. ಹಸಿರು ಕುರ್ಚಿ. ನೀನು ಟೋಪಿ ಹಾಕಿರಲಿಲ್ಲ, ಆ ಚಳಿಯಲ್ಲಿ. ತಲೆ ಎತ್ತಿದರೆ ಕೆಲಸ ಮಾಡಲಾಗುತ್ತಿರಲಿಲ್ಲ, ಅದಕ್ಕೇ ಎತ್ತಲಿಲ್ಲ.

ತಿರುವು ಹತ್ತಿರವಾದಂತೆ ಒಂದೊಂದು ಗುಂಡಿಯನ್ನೂ ನಿಧಾನವಾಗಿ ತೋಡುತ್ತ ಬಂದೆ. ಮಬ್ಬು ಕರಗಿ ತೆಳುವಾದ ಬಿಸಿಲು ಬಂದಿತ್ತು. ಎಲ್ಲವೂ ನಾನು ಇಲ್ಲಿ ಕಣ್ಣು ಮುಚ್ಚಿ ನೋಡುತ್ತಿದ್ದಂತೆಯೇ ಇತ್ತು, ಆದರೆ ಸ್ವಲ್ಪ ಚಿಕ್ಕದು. ತಿರುವಿನಲ್ಲಿ ಅವರು ನಿಂತದ್ದು ಕಂಡಾಗ ಹಿಂದಕ್ಕೆ ಹೋಗುತ್ತೇನೆ ಎಂದು ಆಫೀಸರಿಗೆ ಹೇಳಿದೆ. “ಅವರೇ ನಿನ್ನ ಹೆಸರು ಹೇಳಿ ಕೇಳಿದ್ದಾರೆ ಟ್ಯಾಕೆಟ್, ಹೋಗು,” ಅಂದರು.

ಗುಂಡಿ ತೋಡಿದೆ. ಒಳ್ಳೆಯ ಮಣ್ಣು, ನೀನು ಹೇಳಿದ ಹಾಗೇ. ಅವರು ಬಂದು ಅಂಚಿನಲ್ಲಿ ನಿಂತು ಒಳಗೆ ನೋಡಿದರು. ಆಮೇಲೆ ಹೇಳಿದ್ದು ಒಂದೇ ಮಾತು, “ಇನ್ನೂ ಸ್ವಲ್ಪ ಆಳ ಬೇಕು.”

ಆಯಿತು ಎಂದು ತಲೆಯಾಡಿಸಿ ಇನ್ನೂ ಆಳ ತೋಡಿದೆ. ಗಿಡ ಇಳಿಸಿದೆ. ಬರೀ ಕಡ್ಡಿ, ಒಂದೆಲೆಯೂ ಇಲ್ಲ. ಅದು ಒಂದು ಕಡೆಗೆ ವಾಲಿತು. ಅವರು ಕೈಗವಸು ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡು, ಮಂಡಿಯೂರಿ ಕೂತು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಮಣ್ಣು ತುಂಬಿ ಒತ್ತಿ ಮುಗಿಸುವ ತನಕ ಹಿಡಿದೇ ಇದ್ದರು. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಇಬ್ಬರ ಕೈಗೂ ಒಂದೇ ಮಣ್ಣು ಮೆತ್ತಿತ್ತು.

ಆಮೇಲೆ ಎದ್ದು ಮುಂದಿನ ಗುಂಡಿಯ ಕಡೆಗೆ ನಡೆದರು. ನಾನು ಗುದ್ದಲಿ ತೆಗೆದುಕೊಂಡು ಹಿಂದೆ ಹೋದೆ.

ಟ್ವೈಲಾ